ನಾಯಿ ಬೊಗಳಲಿಲ್ಲ ಅನ್ನೋ ಸಾಲು

ಕೊಡಗಿನ ಸಿದ್ದಾಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ ಉಂಟು. ಜೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ, ಕನ್ನಡ ಟೈಪಿಂಗ್. ಬೋರ್ಡಿನಲ್ಲಿ ಇಷ್ಟೇ ಬರೆದಿದೆ, ಅಂಗಡಿಯ ಹೆಸರೇ ಇಲ್ಲ. ಹಾಕಿಸಬೇಕು, ಹಾಕಿಸಬೇಕು ಅಂದುಕೊಂಡು 11 ವರ್ಷ ಆಯಿತು.

ಟೈಪಿಂಗಿಗೆ ಪುಟಕ್ಕೆ 30 ರೂಪಾಯಿ. ಪುಟ ತುಂಬಿದರೂ ಅಷ್ಟೇ, ತುಂಬದಿದ್ದರೂ ಅಷ್ಟೇ. ಅಲ್ಲೇ ಇರುವುದು ತಮಾಷೆ. ಯಾರಾದರೂ ಅರ್ಜಿ ಬರೆಸಲು ಬಂದಾಗ ನಾನು ಅದನ್ನು ಐದಾರು ಸಾಲಿನಲ್ಲಿ ಮುಗಿಸಿ ಪ್ರಿಂಟ್ ಕೊಟ್ಟರೆ ಅವರ ಮುಖ ಸಣ್ಣದಾಗುತ್ತದೆ. ಕಾಗದ ತಿರುಗಿಸಿ ಹಿಂದೆ ಏನಾದರೂ ಇದೆಯಾ ಅಂತ ನೋಡುತ್ತಾರೆ. "ಅಷ್ಟೇನಾ ಅಕ್ಕ? ಅರ್ಧ ಪುಟ ಖಾಲಿ ಉಂಟಲ್ಲ?" ಅಂತಾರೆ. ಅರ್ಧ ಕೆಜಿ ಸಕ್ಕರೆ ಕೊಟ್ಟು ಒಂದು ಕೆಜಿಯ ದುಡ್ಡು ತಗೊಂಡ ಹಾಗೆ ಅವರಿಗೆ.

ಮೊದಲಿನ ಮೂರು ನಾಲ್ಕು ವರ್ಷ ನಾನೂ ಪುಟ ತುಂಬಿಸಿಯೇ ಕೊಡುತ್ತಿದ್ದೆ. ಅದಕ್ಕೆ ಕಷ್ಟಪಡಬೇಕಾಗಿಯೂ ಇರಲಿಲ್ಲ. ಅಂಗಡಿ ವಹಿಸಿಕೊಂಡಾಗ ಹಳೆಯ ಕಂಪ್ಯೂಟರಿನಲ್ಲಿ 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟ ಅರ್ಜಿಗಳ ಒಂದು ಫೋಲ್ಡರ್ ಸಿಕ್ಕಿತ್ತು. ಆನೆ ಹಾವಳಿಗೆ ಒಂದು, ರೇಶನ್ ಕಾರ್ಡಿಗೆ ಒಂದು, ಕರೆಂಟ್ ಕಂಬಕ್ಕೆ ಒಂದು. ಹೆಸರು, ತಾರೀಕು ಬದಲಾಯಿಸಿದರೆ ಮುಗಿಯಿತು. ಆನೆಯ ಅರ್ಜಿ ಶುರುವಾಗುತ್ತಿದ್ದುದು ಹೀಗೆ:

"ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಾನು ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಸದರಿ ಗ್ರಾಮದ ಖಾಯಂ ನಿವಾಸಿಯಾಗಿದ್ದು, ವ್ಯವಸಾಯವನ್ನೇ ನಂಬಿಕೊಂಡು ಜೀವನ ಸಾಗಿಸುತ್ತಿರುವಂತಹ ಬಡ ರೈತನಾಗಿರುತ್ತೇನೆ. ಹೀಗಿರುವಲ್ಲಿ ದಿನಾಂಕ 12-07-2019ರಂದು ರಾತ್ರಿ ಸಮಯದಲ್ಲಿ ಸುಮಾರು 3ಕ್ಕೂ ಹೆಚ್ಚು ಕಾಡಾನೆಗಳು ಏಕಾಏಕಿ ದಿಢೀರನೆ ನನ್ನ ತೋಟಕ್ಕೆ ನುಗ್ಗಿ ಅಪಾರ ಪ್ರಮಾಣದ ನಷ್ಟವನ್ನು ಉಂಟುಮಾಡಿರುತ್ತವೆ."

ಒಂದು ದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಸುಮ್ನೆ ಕೂತು ಎಣಿಸಿದೆ. ಆನೆ ಬರುವುದು 29ನೇ ಪದಕ್ಕೆ. ಅಷ್ಟರವರೆಗೆ ಅರ್ಜಿದಾರ ಕೈಕಟ್ಟಿಕೊಂಡು ನಿಂತೇ ಇದ್ದಾನೆ. ವಿಷಯ ಮೇಲೆ ಬರೆದಾಗಿದೆ, ಆದರೂ 'ಮೇಲ್ಕಂಡ ವಿಷಯ' ಅಂತ ಇನ್ನೊಮ್ಮೆ ತೋರಿಸುತ್ತಾನೆ. 'ಸದರಿ ಗ್ರಾಮ' ಅನ್ನುತ್ತಾನೆ, ಆದರೆ ಗ್ರಾಮದ ಹೆಸರು ಅಲ್ಲಿವರೆಗೆ ಎಲ್ಲೂ ಬಂದಿಲ್ಲ. ಇನ್ನು ಆ 'ಸುಮಾರು 3ಕ್ಕೂ ಹೆಚ್ಚು' ಇದೆಯಲ್ಲ, ಅದನ್ನು ಬರೆದವರು ಯಾರೋ ಗೊತ್ತಿಲ್ಲ, ಅವರ ಕಾಲಿಗೆ ಬೀಳಬೇಕು. ಸುಮಾರು ಮೂರು ಅಂದರೆ ಎರಡೂ ಇರಬಹುದು, ನಾಲ್ಕೂ ಇರಬಹುದು. ಮೂರಕ್ಕೂ ಹೆಚ್ಚು ಅಂದರೆ ನಾಲ್ಕೋ ಐದೋ. ಎರಡನ್ನೂ ಒಟ್ಟಿಗೆ ಹೇಳಿದರೆ ಎಷ್ಟು ಆನೆ? ಇಷ್ಟೆಲ್ಲ ಆದ ಮೇಲೂ ಎಷ್ಟು ಬಾಳೆ ಹೋಯ್ತು, ಎಷ್ಟು ಅಡಿಕೆ ಮರ ಹೋಯ್ತು ಅನ್ನೋದು ಇಲ್ಲ. 'ಅಪಾರ ಪ್ರಮಾಣ' ಇದೆ. ಕಚೇರಿಯಲ್ಲಿ ಕೂತವರು ಅಪಾರಕ್ಕೆ ಯಾವ ರೇಟು ಹಾಕಬೇಕು?

ಅದನ್ನು ಹೀಗೆ ಮಾಡಿದೆ: "12-07-2019ರ ರಾತ್ರಿ ಮೂರು ಕಾಡಾನೆಗಳು ನನ್ನ ತೋಟಕ್ಕೆ ಬಂದು 40 ಬಾಳೆ, 6 ಅಡಿಕೆ ಮರ ಬೀಳಿಸಿವೆ, ನೀರಿನ ಪೈಪ್ ಮುರಿದಿವೆ. ಪರಿಹಾರ ಕೊಡಿಸಿ. ಪಹಣಿ, ಫೋಟೋ ಜೊತೆಗಿವೆ."

ಬರೆಸಿದವರು ಒಪ್ಪಲಿಲ್ಲ. "'ಕೊಡಿಸಿ' ಅಂದ್ರೆ ಜಗಳಕ್ಕೆ ಹೋದ ಹಾಗೆ ಕಾಣ್ತದೆ ಅಕ್ಕ" ಅಂದರು. ಕೊನೆಗೆ 'ಕೊಡಿಸಬೇಕಾಗಿ ವಿನಂತಿ' ಅಂತ ರಾಜಿ ಆಯಿತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಫೀಸಿನ ಮೇಜಿನ ಮುಂದೆ ನಿಂತು ಕೆಲಸ ಆಗಬೇಕಾದವರು ಅವರು, ನಾನು ಫ್ಯಾನ್ ಕೆಳಗೆ ಕೂತು ಪದ ಎಣಿಸುವವಳು. ನಮ್ಮವರು ಜಾಸ್ತಿ ಪದ ಬಳಸುವುದು ಬರೆಯಲು ಬಾರದ್ದಕ್ಕೆ ಅಂತ ನನಗೆ ಈಗ ಅನ್ನಿಸುವುದಿಲ್ಲ. ದೊಡ್ಡವರ ಮುಂದೆ ಬರಿಗೈಯಲ್ಲಿ ಹೋಗಬಾರದು ಅಂತ ಹಣ್ಣು ತೆಗೆದುಕೊಂಡು ಹೋಗುತ್ತಾರಲ್ಲ, ಹಾಗೆ ಒಂದಷ್ಟು 'ಸವಿನಯ'ವನ್ನೂ 'ಸದರಿ'ಯನ್ನೂ ಹೊತ್ತುಕೊಂಡು ಹೋಗುತ್ತಾರೆ.

ಆದರೆ ಯಾರ ಭಯವೂ ಇಲ್ಲದ ಕಡೆ ಯಾಕೆ ಅಷ್ಟೊಂದು ಪದ? ಟಿವಿ ಹಾಕಿ ನೋಡಿ. "ಬಂದಿರುವಂತಹ ಜನ, ನಿಂತಿರುವಂತಹ ನೀರು, ಮಾಡಿರುವಂತಹ ಒಂದು ವ್ಯವಸ್ಥೆ." ಬಂದ ಜನ, ನಿಂತ ನೀರು ಅಂದರೆ ಏನು ಕಮ್ಮಿ ಆಗುತ್ತಿತ್ತು? 'ಅಂತಹ' ಅನ್ನೋದು ಮೈಕ್ ಹಿಡಿದವರಿಗೆ ಉಸಿರು ತೆಗೆದುಕೊಳ್ಳುವ ಜಾಗ ಅಂತ ಕಾಣುತ್ತದೆ, ಮಾತಿನಲ್ಲಿ ಅದನ್ನು ಕ್ಷಮಿಸಬಹುದು, ಆದರೆ ಈಗ ಅದು ಮದುವೆ ಕಾಗದಕ್ಕೂ ಬಂದು ಕೂತಿದೆ. "ಸ್ಥಳಕ್ಕೆ ಭೇಟಿಯನ್ನು ನೀಡಿ ಪರಿಶೀಲನೆಯನ್ನು ನಡೆಸಿದರು" ಅಂತ ಬರೆಯುತ್ತಾರೆ. ಹೋಗಿ ನೋಡಿದರು, ಅಷ್ಟೇ ಅಲ್ವಾ? 'ಕೇವಲ 10 ಜನ ಮಾತ್ರ' ಅನ್ನೋದರಲ್ಲಿ ಕೇವಲ ಇದ್ದರೆ ಮಾತ್ರ ಬೇಡ, ಮಾತ್ರ ಇದ್ದರೆ ಕೇವಲ ಬೇಡ. 'ಗೇಟು ಬಾಗಿಲು', 'ಪುನಃ ಮತ್ತೆ', 'ನಡು ಸೆಂಟರ್' ಇವೆಲ್ಲ ನನ್ನ ಅಂಗಡಿಯಲ್ಲಿ ದಿನಾ ಸಿಗುವ ಸಾಮಾನು. 'ನಡು ಸೆಂಟರ್' ಮಾತ್ರ ನನಗೆ ಇಷ್ಟ, ಅದನ್ನು ತೆಗೆಯಲು ಮನಸ್ಸು ಬರುವುದಿಲ್ಲ.

ಬೇಜಾರಾಗುವುದು ಯಾಕೆಂದರೆ, ಕನ್ನಡ ಮೊದಲೇ ಜಿಪುಣ ಭಾಷೆ. ಒಳ್ಳೆಯ ಅರ್ಥದಲ್ಲಿ ಹೇಳುತ್ತಿದ್ದೇನೆ. 'ಬರುತ್ತೇನೆ' ಅಂದರೆ ಸಾಕು, ಯಾರು ಬರುವುದು ಅಂತ ಆ ಪದದ ಬಾಲದಲ್ಲೇ ಇದೆ. 'ನಾನು' ಬೇಕಾಗುವುದು ಬೇರೆ ಯಾರೋ ಅಲ್ಲ ನಾನೇ ಅಂತ ಒತ್ತಿ ಹೇಳುವಾಗ. 'ಕಾಫಿ ಕುಡಿದೆ' ಅನ್ನುತ್ತೇವೆ, 'ಕಾಫಿಯನ್ನು' ಅಂತ ಮನೆಯಲ್ಲಿ ಯಾರು ಅನ್ನುತ್ತಾರೆ? 'ಅಪ್ಪ ಅಮ್ಮ ಬಂದರು', ನಡುವೆ 'ಮತ್ತು' ಇಲ್ಲ. ಪೇಪರಿನವರು 'ಎಂದು ಬಲ್ಲ ಮೂಲಗಳಿಂದ ತಿಳಿದುಬಂದಿದೆ' ಅಂತ ಅರ್ಧ ಸಾಲು ಖರ್ಚು ಮಾಡುವ ವಿಷಯವನ್ನು ನಮ್ಮ ಪಕ್ಕದ ಮನೆಯವರು ಒಂದು 'ಅಂತೆ'ಯಲ್ಲಿ ಮುಗಿಸುತ್ತಾರೆ. "ಕೊಟ್ಟರಂತೆ." ಕೊಟ್ಟದ್ದೂ ಬಂತು, ನಾನು ಕಣ್ಣಾರೆ ಕಂಡಿಲ್ಲ ಅನ್ನೋದೂ ಬಂತು, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು ಅನ್ನೋದೂ ಬಂತು. 'ಮಳೆ ಬರುವ ಸಾಧ್ಯತೆಗಳು ದಟ್ಟವಾಗಿವೆ' ಅಂತ ಬರೆಯುವವರಿಗೆ 'ಮಳೆ ಬಂದೀತು' ಗೊತ್ತಿಲ್ಲವಾ? ಗೊತ್ತುಂಟು. ಅದು ಅಜ್ಜಿ ಮಾತು, ಕಾಗದದ ಮೇಲೆ ಇಡಲು ನಾಚಿಕೆ.

ಮಳೆ ಅಂದ ಮೇಲೆ ಅಪ್ಪನ ವಿಷಯ ಹೇಳಬೇಕು.

ಅಪ್ಪ ರೈಟರ್. ಬೇರೆ ಊರಿನವರಿಗೆ ಹೀಗೆ ಹೇಳಿದರೆ "ಓ, ಏನು ಬರೆದಿದ್ದಾರೆ? ಕಾದಂಬರಿಯಾ?" ಅಂತ ಕೇಳುತ್ತಾರೆ. ನಮ್ಮ ಕಡೆ ರೈಟರ್ ಅಂದರೆ ಕಾಫಿ ತೋಟದ ರೈಟರ್. ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಆಳುಗಳ ಹಾಜರಿ ಬರೆಯುವುದು, ಯಾರನ್ನು ಯಾವ ಕೆಲಸಕ್ಕೆ ಹಾಕಿದೆ ಅಂತ ಬರೆಯುವುದು, ಗೊಬ್ಬರದ ಲೆಕ್ಕ, ಕೊಯ್ಲಿನ ಲೆಕ್ಕ, ಮಳೆಯ ಲೆಕ್ಕ. ಅಪ್ಪ 34 ವರ್ಷ ಒಂದೇ ತೋಟದಲ್ಲಿ ಬರೆದರು. ಕೆಲಸ ಬಿಟ್ಟು ಮನೆಗೆ ಬಂದ ಮೇಲೂ ಕೈ ಸುಮ್ಮನಿರಲಿಲ್ಲ, ನಮ್ಮ ಮೂರು ಎಕರೆಗೆ ಒಂದು ಡೈರಿ ಇಟ್ಟರು. ಅದರಲ್ಲಿ ಒಂದು ವರ್ಷದ ಮಾರ್ಚ್, ಏಪ್ರಿಲ್ ಹೀಗಿದೆ:

ಮಾ. 9. ಮಳೆ 0.85.
ಮಾ. 17. ಹೂ.
ಏ. 2. ಮಳೆ 0.60. ಸಾಕು.

ಇಷ್ಟೇ. ಕೊಡಗಿನಲ್ಲಿ ಕಾಫಿಯವರು ಈಗಲೂ ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುವುದು. ಒಂದು ಇಂಚಿಗೆ 100 ಸೆಂಟ್. ಮಿಲಿಮೀಟರ್ ಹೇಳಿದರೆ ನಮ್ಮವರು ಮನಸ್ಸಿನಲ್ಲಿ 25ರಿಂದ ಭಾಗಿಸುತ್ತಾ ಕೂರುತ್ತಾರೆ. ಮಾರ್ಚಿನಲ್ಲಿ 85 ಸೆಂಟ್ ಬಿತ್ತು ಅಂದರೆ ಹೂಮಳೆ ಆಯಿತು. ವಾರ, ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಆ ಪರಿಮಳಕ್ಕೆ ರಾತ್ರಿ ಕಿಟಕಿ ತೆರೆದಿಟ್ಟು ಮಲಗುತ್ತೇವೆ. ಅದೆಲ್ಲ ಅಪ್ಪನಿಗೆ 'ಹೂ'. ಆದರೆ ಹೂ ಬಂದರೆ ಆಗಲಿಲ್ಲ, ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಬ್ಯಾಕಿಂಗ್ ಮಳೆ. ಅದು ಬಾರದಿದ್ದರೆ ಕಾಯಿ ಸರಿಯಾಗಿ ನಿಲ್ಲುವುದಿಲ್ಲ, ಮುಂದಿನ ಕೊಯ್ಲು ಹೋಯಿತು, ಸಾಲ ಹಾಗೇ ಉಳಿಯಿತು. ಅಂಥ ವರ್ಷದಲ್ಲಿ ಅಪ್ಪ ದಿನಕ್ಕೆ ಹತ್ತು ಸಲ ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದರು, ಯಾರ ಹತ್ತಿರವೂ ಮಾತಿಲ್ಲ. ಏಪ್ರಿಲ್ 2ಕ್ಕೆ 60 ಸೆಂಟ್ ಬಿತ್ತು. "ಸಾಕು."

ಆ 'ಸಾಕು' ಓದಿದರೆ ನನಗೆ ಅಪ್ಪನ ನಿಟ್ಟುಸಿರು ಕೇಳುತ್ತದೆ. ಆದರೆ ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗನಿಗೆ ತೋರಿಸಿದೆ, ಅವನು "ಏನು ಸಾಕು ಅತ್ತೆ?" ಅಂದ. ಅವನು ಕೇಳಿದ್ದು ಸರಿಯೇ. ಅಪ್ಪ ಬರೆದದ್ದು ಅಪ್ಪನಿಗೆ. ಮೇಲೆ ಆ ಒಂದು ಪದ ನಿಮಗೆ ಮುಟ್ಟಿಸಲು ನನಗೆ ಒಂದು ಇಡೀ ಪ್ಯಾರಾ ಬೇಕಾಯಿತು, ನೋಡಿ. ಅದನ್ನು ಎಷ್ಟು ಸಲ ಓದಿದರೂ ಒಂದು ಪದ ತೆಗೆಯಲು ಆಗುತ್ತಿಲ್ಲ.

ಅದೇ ಡೈರಿಯಲ್ಲಿ 2018ರ ಆಗಸ್ಟ್ 16ರ ಸಾಲಿನಲ್ಲಿ ಅಂಕಿ ಇಲ್ಲ. 'ಅಳೆಯಲಿಲ್ಲ' ಅಂತಿದೆ.

ಆ ವಾರ ಕೊಡಗಿನಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಡಿಕೇರಿಯ ಸುತ್ತ ಗುಡ್ಡಗಳು ಜಾರಿದವು. ಮಕ್ಕಂದೂರು, ಮಾದಾಪುರ, ಜೋಡುಪಾಲ, ಒಂದೊಂದೇ ಊರಿನ ಹೆಸರು ಬರುತ್ತಿತ್ತು. ನನ್ನ ಸೋದರತ್ತೆಯ ಮನೆ ಮಕ್ಕಂದೂರು ಕಡೆ. ಕರೆಂಟ್ ಇಲ್ಲ, ನೆಟ್‌ವರ್ಕ್ ಬಂದರೆ ಎರಡು ನಿಮಿಷ, ಆ ಎರಡು ನಿಮಿಷದಲ್ಲಿ ಫೋನಿಗೆ ನೂರಾರು ವಾಟ್ಸಾಪ್ ಮೆಸೇಜ್ ಒಟ್ಟಿಗೆ ಬಂದು ಬೀಳುತ್ತಿದ್ದವು. "ಕೊಡಗಿನ ಸಮಸ್ತ ಬಾಂಧವರಲ್ಲಿ ಕಳಕಳಿಯ ಮನವಿ" ಅಂತ ಶುರುವಾಗಿ ಬೆರಳಿನಲ್ಲಿ ಎಷ್ಟು ತಳ್ಳಿದರೂ ಮುಗಿಯದ ಮೆಸೇಜ್. ಪ್ರಕೃತಿಯ ಮುನಿಸಿನ ಬಗ್ಗೆ ಇದೆ, ತಾಯಿ ಕಾವೇರಿಯ ಬಗ್ಗೆ ಇದೆ, ಮಾನವೀಯತೆಯ ಬಗ್ಗೆ ಇದೆ. ಯಾವ ರಸ್ತೆ ಬಂದ್ ಅಂತ ಹುಡುಕಬೇಕು. ಸಿಕ್ಕಿದರೂ ಅದು ಇವತ್ತಿನದಾ ನಿನ್ನೆಯದಾ ಗೊತ್ತಾಗುವುದಿಲ್ಲ, ತಾರೀಕೇ ಇಲ್ಲ. ಬರೆದವರ ಮನಸ್ಸು ಒಳ್ಳೆಯದೇ, ಸಹಾಯ ಮಾಡಲೆಂದೇ ಬರೆದದ್ದು. ಆದರೆ ನನಗೆ ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಬ್ಯಾಟರಿ 6 ಪರ್ಸೆಂಟ್ ಇರುವಾಗ ಯಾರಿಗೆ ಬೇಕು ಪ್ರಕೃತಿಯ ಮುನಿಸು?

ಅವುಗಳ ನಡುವೆ ಅತ್ತೆಯ ಮಗನ ಮೆಸೇಜ್ ಇತ್ತು. "ಎಲ್ಲರೂ ಶಾಲೆಯಲ್ಲಿದ್ದೇವೆ. ಮನೆ ಇಲ್ಲ." ಅಪ್ಪನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ಓದಿದೆ. ಮಳೆ ಅಳೆಯುವ ಡಬ್ಬ ಅಂಗಳದಲ್ಲಿ ತುಂಬಿ ಹರಿಯುತ್ತಿತ್ತು, ಅಪ್ಪ ಅದರ ಹತ್ತಿರ ಹೋಗಲಿಲ್ಲ.

ಹಾಗಂತ ಚಿಕ್ಕದಾಗಿ ಬರೆದರೆ ಎಲ್ಲ ಸರಿಹೋಯ್ತು ಅಂತಲೂ ಇಲ್ಲ. ನಮ್ಮ ಚಿಕ್ಕಪ್ಪ ಮಿಲಿಟರಿಯಲ್ಲಿದ್ದರು, ಟೆಲಿಗ್ರಾಂ ಕಾಲದಲ್ಲಿ. ಟೆಲಿಗ್ರಾಂಗೆ ಪದದ ಲೆಕ್ಕದಲ್ಲಿ ದುಡ್ಡು, ನನ್ನ ಅಂಗಡಿಯ ತದ್ವಿರುದ್ಧ. 2013ರ ಜುಲೈಯಲ್ಲಿ ಅದು ನಿಂತೇ ಹೋಯಿತು, ಈಗಿನವರಿಗೆ ನೆನಪಿರಲಿಕ್ಕಿಲ್ಲ. ಚಿಕ್ಕಪ್ಪನಿಗೆ ರಜೆ ಬೇಕಾದಾಗ ಮನೆಯವರು ಊರಿನಿಂದ ಒಂದು ಕಳಿಸುತ್ತಿದ್ದರು: "ಮದರ್ ಸೀರಿಯಸ್. ಸ್ಟಾರ್ಟ್ ಇಮ್ಮಿಡಿಯೆಟ್ಲಿ." ನಾಲ್ಕು ಪದ. ಅದಕ್ಕಿಂತ ಕಮ್ಮಿ ಮಾಡಲು ಯಾರಿಂದಲೂ ಆಗುವುದಿಲ್ಲ. ಆದರೆ ಎಲ್ಲರ ಮನೆಯಿಂದಲೂ ಅದೇ ನಾಲ್ಕು ಪದ ಹೋಗಿ ಹೋಗಿ, ಒಂದು ಸಲ ಚಿಕ್ಕಪ್ಪನ ಸಾಹೇಬರು ಓದಿ, "ನಿನ್ನ ಅಮ್ಮನಿಗೆ ಇದು ಎಷ್ಟನೇ ಸಲ ಸೀರಿಯಸ್?" ಅಂತ ಕೇಳಿದರಂತೆ. ಆ ಸಲ ಅಜ್ಜಿಗೆ ನಿಜವಾಗಿಯೂ ಹುಷಾರಿರಲಿಲ್ಲ.

ಇನ್ನು ಕೆಲವು ಪದ ಜಾಸ್ತಿಯ ಹಾಗೆ ಕಂಡರೂ ಮುಟ್ಟಬಾರದು. ಮನೆಯಿಂದ ಹೊರಡುವಾಗ 'ಹೋಗಿ ಬರ್ತೇನೆ' ಅನ್ನುತ್ತೇವೆ. ಅದರಲ್ಲಿ 'ಬರ್ತೇನೆ' ಯಾಕೆ, ಹೋಗುವುದು ತಾನೇ ವಿಷಯ, ಅಂತ ಯಾರಾದರೂ 'ಹೋಗ್ತೇನೆ' ಅಂತ ಹೇಳಿ ನೋಡಲಿ, ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಾರೆ. ಮರಣದ ಕಾರ್ಡಿನಲ್ಲಿ 'ದುಃಖತಪ್ತರು' ಅಂತ ಹಾಕಿ ಕೆಳಗೆ ಇಡೀ ಬಳಗದ ಹೆಸರು ಬರೆಸುತ್ತಾರೆ. ಒಂದು ಸಲ ಜಾಗ ಸಾಲದೆ ನಾನು 'ಮೊಮ್ಮಕ್ಕಳು' ಅಂತ ಒಂದೇ ಪದದಲ್ಲಿ ಮುಗಿಸಿದೆ. ಆ ಮನೆಯವರು ನನ್ನ ಅಂಗಡಿಗೆ ಬರುವುದನ್ನೇ ಬಿಟ್ಟರು, ಈಗ ವಿರಾಜಪೇಟೆಗೆ ಹೋಗಿ ಜೆರಾಕ್ಸ್ ಮಾಡಿಸುತ್ತಾರೆ.

ಕಾಫಿ ಗಿಡದ ಕಪಾತಿನ, ಅಂದರೆ ಬೇಡದ ಕೊಂಬೆ ಕತ್ತರಿಸುವ ಕೆಲಸದ, ಹೋಲಿಕೆ ಇಲ್ಲಿ ಬರಬೇಕಿತ್ತು, ಕೊಡಗಿನಲ್ಲಿ ಕೂತು ಬರೆಯುವವರಿಗೆ ಅದು ತಪ್ಪಿದ್ದಲ್ಲ. ಆದರೆ ನನಗೆ ಅದು ಅಷ್ಟಾಗಿ ಸರಿಬರುವುದಿಲ್ಲ. ಗಿಡದಲ್ಲಿ ಒಣಗಿದ ಕೊಂಬೆ ಒಣಗಿದ ಹಾಗೇ ಕಾಣುತ್ತದೆ, ಕತ್ತಿ ಹಿಡಿದವರಿಗೆ ಗೊಂದಲ ಇಲ್ಲ. ಬರಹದಲ್ಲಿ ಒಣಗಿದ ಪದಗಳೇ ಎಲ್ಲಕ್ಕಿಂತ ಹಸಿರಾಗಿ ಕಾಣುವುದು. 'ಸವಿನಯ' ನೋಡಿ ಎಷ್ಟು ಚಂದ ಇದೆ.

ಇದು ನನಗೆ ಸರಿಯಾಗಿ ಗೊತ್ತಾದದ್ದು ಕಳೆದ ಜುಲೈಯಲ್ಲಿ. ಹಲಸಿನ ಕಾಲ, ಆನೆಗಳು ತೋಟದಿಂದ ತೋಟಕ್ಕೆ ತಿರುಗುವ ಕಾಲ. ಮಾಲ್ದಾರೆ ಕಡೆಯ ಒಬ್ಬ ತಾತ ಬಂದರು, ಕೊಡೆ ಬಾಗಿಲಲ್ಲಿ ಒರಗಿಸಿ, ಸ್ಟೂಲಿನ ಮೇಲೆ ಕೂತು ಹೇಳಲು ಶುರು ಮಾಡಿದರು.

"ಎರಡು ಗಂಟೆ ಇರಬೇಕು ಮಗಳೇ. ನಾಯಿ ಬೊಗಳಲಿಲ್ಲ. ಎಲೆ ಬಿದ್ರೂ ಬೊಗಳೋ ನಾಯಿ ಅದು. ಸದ್ದಿಲ್ಲದೆ ಬಂದು ನನ್ನ ಮಂಚದ ಅಡಿ ಮಲಗಿತು. ಆಗ್ಲೇ ಗೊತ್ತಾಯ್ತು ನಂಗೆ, ಆನೆ ಬಂದಿದೆ ಅಂತ. ಟಾರ್ಚ್ ಹಾಕ್ಲಿಲ್ಲ. ಬಾಳೆ ಮುರಿಯೋ ಸದ್ದು ಕೇಳ್ತಾ ಕೂತಿದ್ದೆ, ಬೆಳಗಾಗೋವರೆಗೆ."

ಹೇಳುತ್ತಾ ಹೋದರು. ಸತ್ತ ಹೆಂಡತಿ ನೆಟ್ಟ ಹಲಸು, ಮಗ ಮೈಸೂರಿನಲ್ಲಿರುವುದು, ಸೋಲಾರ್ ಬೇಲಿಯ ಬ್ಯಾಟರಿ ಹೋಗಿರುವುದು. ನಾನು ಹೂಂಗುಟ್ಟುತ್ತಾ ಟೈಪ್ ಮಾಡಿದೆ. ಐದು ನಿಮಿಷದಲ್ಲಿ ಅರ್ಜಿ ಮುಗಿಯಿತು. ತಾರೀಕು, ಹೊತ್ತು, ಆನೆ ಎರಡು, ಬಾಳೆ 40, ಅಡಿಕೆ 11, ಹಲಸಿನ ಮರದ ಕೊಂಬೆ. ನನಗೇ ಖುಷಿಯಾಯಿತು, ಅಷ್ಟು ಚೊಕ್ಕವಾಗಿತ್ತು.

"ಕನ್ನಡಕ ತಂದಿಲ್ಲ, ಓದು" ಅಂದರು. ಓದಿದೆ.

"ನಾಯಿ ಎಲ್ಲಿ?"

"ನಾಯಿ ಬೇಡ ತಾತ. ಅವರಿಗೆ ಮರದ ಲೆಕ್ಕ ಸಾಕು."

ತಾತ ಸ್ವಲ್ಪ ಹೊತ್ತು ಹೊರಗಿನ ಮಳೆ ನೋಡಿದರು. "ಬಾಳೆ ನಲವತ್ತು ಹೋಯ್ತು ಅಂತ ಯಾರು ಬೇಕಾದ್ರೂ ಬರೀಬಹುದು ಮಗಳೇ. ನಾಯಿ ಬಂದು ಮಂಚದಡಿ ಮಲಗಿದ್ದು ನಾನು ಕಂಡಿದ್ದು."

ನಾನು ಸ್ಕ್ರೀನ್ ನೋಡಿದೆ. ಮೊದಲ ಸಾಲಿನಲ್ಲಿ 'ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ' ಕೂತಿತ್ತು. ನಾನೇ ಟೈಪ್ ಮಾಡಿದ್ದು. ಯಾವಾಗ ಮಾಡಿದೆ ಅಂತಲೂ ನೆನಪಿಲ್ಲ, ಬೆರಳೇ ಮಾಡಿದೆ. ಇಷ್ಟು ವರ್ಷ ಪದ ಎಣಿಸುತ್ತಾ ಕೂತವಳು ಅದನ್ನು ಉಳಿಸಿ ನಾಯಿಯನ್ನು ತೆಗೆದಿದ್ದೆ.

ಅದನ್ನು ಅಳಿಸಿದೆ. ಆ ಜಾಗದಲ್ಲಿ ಬರೆದೆ: "ರಾತ್ರಿ 2 ಗಂಟೆಗೆ ನಾಯಿ ಬೊಗಳದೆ ಬಂದು ಮಂಚದ ಅಡಿ ಮಲಗಿತು. ಆನೆ ಬಂದಿದೆ ಎಂದು ಆಗ ತಿಳಿಯಿತು." ಓದಿ ಹೇಳಿದೆ. ತಾತ ತಲೆಯಾಡಿಸಿದರು. ಪ್ರಿಂಟ್ ತೆಗೆದು ಕೊಟ್ಟೆ, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿಗೆ ಹಾಕಿ. ಅವರು ಅಂಗಿಯ ಜೇಬಿನಿಂದ ನೋಟು ತೆಗೆಯುತ್ತಾ ಕೇಳಿದರು, "ನಾಯಿಗೆ ಬೇರೆ ದುಡ್ಡು ಉಂಟಾ?"

"ಇಲ್ಲ ತಾತ. ಪುಟಕ್ಕೆ 30."